ತೂಕ ಮೊದಲು, ಬೆಲೆ ಆಮೇಲೆ: ಹಳೆಯ ತಾಮ್ರದ ಬಿಲ್ಲೆ ಗುರುತಿಸುವವರಿಗೆ ಮಿರಜದಿಂದ ಕಿವಿಮಾತು

ತಮ್ಮಾ, ತೇರದಾಳದ ಅಜ್ಜಿಯ ದೇವರ ಮನೆಯಿಂದ ನಿನ್ನ ಕೈಗೆ ಬಂದ ಡಬ್ಬಿಯ ಫೋಟೋ ನೋಡಿದೆ. "ಕಾಕಾ, ಇವಕ್ಕ ಎಷ್ಟು ಬರತೈತಿ?" ಅಂತ ಕೇಳಿದ್ದೀ. ಆ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡು. ಏನು, ಎಲ್ಲಿಯದು, ಯಾವ ಕಾಲದ್ದು ಅನ್ನುವ ಮೂರಕ್ಕೆ ಉತ್ತರ ಸಿಗುವ ತನಕ ಎಷ್ಟು ಅನ್ನುವುದಕ್ಕೆ ಅರ್ಥವಿಲ್ಲ. ಮಿರಜದ ನಮ್ಮ ಪಾತ್ರೆ ಅಂಗಡಿಗೆ ಜನ ಹಳೆಯ ತಾಮ್ರ ತೂಕಕ್ಕೆ ಹಾಕಿ ಹೊಸ ಹಂಡೆ ಒಯ್ಯುತ್ತಿದ್ದರು. ಆ ಚೀಲಗಳೊಳಗಿನ ಬಿಲ್ಲೆಗಳನ್ನು ಕರಗಲು ಬಿಡದೆ ಆರಿಸಿ ಇಟ್ಟುಕೊಳ್ಳುತ್ತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಡ, ಬಿಲ್ಲೆ ಎದುರಿಗಿಟ್ಟುಕೊಂಡು ಓದು.

• ತೊಳೆಯಬೇಡ. ಹುಣಸೆಹಣ್ಣು, ಲಿಂಬೆಹುಳಿ, ಬೂದಿ, ಪಾತ್ರೆ ಬೆಳಗುವ ಪುಡಿ ಯಾವುದೂ ಬೇಡ. ನೂರಾರು ವರ್ಷ ಗಾಳಿ ಕುಡಿದು ತಾಮ್ರದ ಮೇಲೆ ಕಟ್ಟಿದ ಕಂದು ಪದರವೇ ಅದರ ರಕ್ಷಣೆ. ಹುಳಿ ತಾಗಿದರೆ ಆ ಪದರ ಕರಗಿ ಕೆಳಗಿನ ಕೆಂಪು ಲೋಹ ಬಯಲಾಗುತ್ತದೆ, ಅಕ್ಷರದ ಅಂಚೂ ಸವೆಯುತ್ತದೆ. ಹಾಗೆ ಹೊಳೆಯುವ ಬಿಲ್ಲೆಯನ್ನು ಬಲ್ಲವರು ಕೈಗೂ ತೆಗೆದುಕೊಳ್ಳುವುದಿಲ್ಲ.

ನಮ್ಮ ಕಡೆ ಇದು ಹೇಳಿದಷ್ಟು ಸುಲಭವಲ್ಲ ಅಂತ ಗೊತ್ತು. ದೀಪಾವಳಿಯ ಲಕ್ಷ್ಮೀ ಪೂಜೆಗೆ ಹಳೆಯ ನಾಣ್ಯಗಳನ್ನು ತಿಕ್ಕಿ ಬೆಳಗಿ, ಪಂಚಾಮೃತ ಹಾಕಿ, ಅರಿಸಿನ ಕುಂಕುಮ ಏರಿಸುವುದು ಮನೆಮನೆಯ ಪದ್ಧತಿ. ಎಷ್ಟೋ ಶಿವರಾಯಿಗಳು, ಅಂದರೆ ಮರಾಠರ ತಾಮ್ರದ ಬಿಲ್ಲೆಗಳು, ಚಲಾವಣೆಯಲ್ಲಿ ಸವೆದದ್ದಕ್ಕಿಂತ ಜಗಲಿಯ ಮೇಲೆ ಸವೆದದ್ದೇ ಹೆಚ್ಚು. ಪೂಜೆ ನಿಲ್ಲಿಸು ಅಂತ ನಿಮ್ಮ ಅವ್ವನಿಗೆ ನಾನು ಹೇಳುವುದಿಲ್ಲ. ಅಭಿಷೇಕಕ್ಕೆ ಈಗಿನ ನಾಣ್ಯ ಇಡಿರಿ, ಹಳೆಯವು ಒಣ ಎಲೆಯ ಮೇಲೆ ಪಕ್ಕದಲ್ಲಿ ಕುಳಿತಿರಲಿ. ಲಕ್ಷ್ಮಿಗೆ ಅದರಿಂದ ಸಿಟ್ಟು ಬರುವುದಿಲ್ಲ.

ಮಣ್ಣು ಮೆತ್ತಿ ಅಕ್ಷರ ಕಾಣದಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಒಂದೆರಡು ದಿನ ನೆನೆಸು, ನೀರು ಬದಲಿಸು, ಮರದ ಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸು, ಹತ್ತಿಬಟ್ಟೆಯಿಂದ ಒತ್ತಿ ಒಣಗಿಸು. ಉಜ್ಜಬೇಡ.

• ನಾಲ್ಕು ಸಾಮಾನು ಸಾಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಹಚ್ಚಿಕೊಳ್ಳುವಂಥ ಹತ್ತು ಪಟ್ಟಿನ ಮಸೂರ, 0.01 ಗ್ರಾಂ ತನಕ ತೋರಿಸುವ ಅಕ್ಕಸಾಲಿಗರ ಸಣ್ಣ ತಕ್ಕಡಿ, ಒಂದು ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ. ತಾಮ್ರಕ್ಕೂ ಕಂಚಿಗೂ ಅಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ ಇದೆ, ಅಲ್ಲಿಗೆ ಆ ವಿಚಾರಣೆ ಮುಗಿಯಿತು. ಓದುವಾಗ ಮೇಲಿನ ಬಲ್ಬು ಆರಿಸು. ಬೆಳಿಗ್ಗೆ ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕಿಗೆ ಬಿಲ್ಲೆ ಹಿಡಿದು ನಿಧಾನವಾಗಿ ತಿರುಗಿಸು. ಸವೆದುಹೋಯಿತು ಅಂತ ಬಿಟ್ಟ ಅಂಕಿಗಳು ನೆರಳಿನಲ್ಲಿ ಎದ್ದು ಬರುತ್ತವೆ.

• ಹಳೆಯ ಲೆಕ್ಕ ಬಾಯಿಪಾಠ ಮಾಡು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಅಂದರೆ ರೂಪಾಯಿಗೆ 64 ಪೈಸೆ, 192 ಪೈ. ಕಾಲಾಣೆ ಅಂದರೂ ಪೈಸೆ ಅಂದರೂ ಒಂದೇ. ಪೈ ಅನ್ನುವುದನ್ನು ಬಿಲ್ಲೆಯ ಮೇಲೆ ಆಣೆಯ ಹನ್ನೆರಡನೇ ಒಂದು ಪಾಲು ಅಂತ ಬರೆದಿರುತ್ತಾರೆ. 1957ರಲ್ಲಿ ನಯಾ ಪೈಸೆ ಬಂದ ಮೇಲೆ ಹುಟ್ಟಿದವರಿಗೆ ಈ ಗೊಂದಲ ಸಹಜ. ಡಬ್ಬಿಯಲ್ಲಿ "ಒಂದು ಪೈಸೆ" ಅಂತ ಕಂಡದ್ದೆಲ್ಲ ಬ್ರಿಟಿಷರದ್ದಲ್ಲ. ಕುದುರೆಯ ಚಿತ್ರವಿದ್ದ 1950ರ ದಶಕದ ಪೈಸೆ ಗಣರಾಜ್ಯದ್ದು.

• ತೂಕ ಸುಳ್ಳು ಹೇಳುವುದಿಲ್ಲ. 1835ರ ಕಾಯ್ದೆಯ ಪ್ರಕಾರ ಅರ್ಧ ಆಣೆಯ ತೂಕ 200 ಗ್ರೇನ್, ಕಾಲಾಣೆಯದು 100, ಪೈಯದು ಅದರ ಮೂರನೇ ಒಂದು. ಗ್ರಾಂ ಲೆಕ್ಕದಲ್ಲಿ ಅರ್ಧ ಆಣೆ 12.95, ಕಾಲಾಣೆ 6.48, ಅರ್ಧ ಪೈಸೆ 3.24, ಪೈ 2.16. ಆಗಿನ ಬೆಳ್ಳಿ ರೂಪಾಯಿ 180 ಗ್ರೇನ್, ಸರಿಯಾಗಿ ಒಂದು ತೊಲ. ಹಾಗಾಗಿ ಹೊಸ ಕಾಲಾಣೆ ಒಂಬತ್ತು ಇಟ್ಟರೆ ಐದು ತೊಲ ಆಗಬೇಕು. ಸವೆದ ಬಿಲ್ಲೆ ಕಡಿಮೆ ತೂಗುತ್ತದೆ, ಅದು ಸಹಜ. ಹೆಚ್ಚು ತೂಗಿದರೆ ಸಂಶಯಪಡು. ಅಕ್ಷರ ಚೆನ್ನಾಗಿ ನಿಂತಿದ್ದೂ ತೂಕ ತೀರಾ ಕಡಿಮೆ ಇದ್ದರೂ ಸಂಶಯಪಡು.

• ಶಿವರಾಯಿ ಕಂಡೊಡನೆ "ಶಿವಾಜಿ ಮಹಾರಾಜರ ಕಾಲದ್ದು" ಅನ್ನಬೇಡ. ಒಂದು ಬದಿಗೆ ದೇವನಾಗರಿಯಲ್ಲಿ "ಶ್ರೀ ರಾಜಾ ಶಿವ", ಇನ್ನೊಂದು ಬದಿಗೆ "ಛತ್ರಪತಿ" ಇರುವ ಈ ದಪ್ಪ ಬಿಲ್ಲೆಗೆ 1674ರ ರಾಯಗಡದ ಪಟ್ಟಾಭಿಷೇಕದ ಹೊತ್ತಿನ ಹುಟ್ಟು. ಆದರೆ ಅದೇ ಹೆಸರಿನಲ್ಲಿ ಸಾತಾರೆಯ ಛತ್ರಪತಿಗಳ ಕಾಲದಲ್ಲಿ, ಪೇಶ್ವೆಯರ ಕಾಲದಲ್ಲಿ ಅಚ್ಚಾಗುತ್ತಲೇ ಹೋಯಿತು. ಪೇಶ್ವಾಯಿ ಮುಳುಗಿ ಈಸ್ಟ್ ಇಂಡಿಯಾ ಕಂಪನಿ ಬಂದ ಮೇಲೂ ಪುಣೆ ಸೀಮೆಯಲ್ಲಿ ಕೆಲವು ವರ್ಷ ನಿಲ್ಲಲಿಲ್ಲ. ಹೀಗಾಗಿ ಶಿವರಾಯಿ ಮರಾಠರ ನಾಣ್ಯವೂ ಹೌದು, ಕಂಪನಿ ಕಾಲದ ನಾಣ್ಯವೂ ಹೌದು.

ಗುರುತು ಹಿಡಿಯಲು ನಾಲ್ಕು ಕಡೆ ಕಣ್ಣು ಹಾಯಿಸು. ಅಕ್ಷರದ ಸಾಲುಗಳ ನಡುವೆ ಎರಡು ಅಡ್ಡಗೆರೆ ಇದ್ದರೆ ಅದನ್ನು ಇಲ್ಲಿಯವರು ದುದಾಂಡಿ ಅನ್ನುತ್ತಾರೆ. ಅದು ಪೇಶ್ವೆಯರ ಕೊನೆಗಾಲ ಮತ್ತು ಅದರ ಆಚೆಗಿನದು, ನಿನ್ನ ಡಬ್ಬಿಯಲ್ಲಿ ಹೆಚ್ಚಾಗಿ ಇರುವುದೂ ಅದೇ. ಅಕ್ಷರದ ಸುತ್ತ ಮಣಿಗಳ ಬಳೆ ಇದ್ದು, ಬರಹ ಅಚ್ಚುಕಟ್ಟಾಗಿ ಮೂರು ಸಾಲಿನಲ್ಲಿ ಕೂತಿದ್ದು, ತೂಕವೂ ಭರ್ತಿ ಇದ್ದರೆ ಹಳೆಯ ಕಾಲದ್ದಾಗಿರುವ ಸಾಧ್ಯತೆ ಇದೆ. ಅಂಥದ್ದನ್ನು ಬಲ್ಲವರಿಗೆ ತೋರಿಸದೆ ತೀರ್ಮಾನಿಸಬೇಡ. ಮೂರನೆಯದು ಕಾಗುಣಿತ. "ಶಿವ", "ಸಿವ", "ಸೀವ", "ಪತಿ", "ಪತೀ" ಅಂತ ಅಚ್ಚು ಕೊರೆದವನ ಕೈಗೆ ಬಂದಂತೆ ಬದಲಾಗುತ್ತದೆ. ಸಂಗ್ರಹಕಾರರು ಈ ಭೇದಗಳನ್ನೇ ಬೇರೆ ಬೇರೆ ತಳಿಗಳಾಗಿ ಎಣಿಸುತ್ತಾರೆ. ನಾಲ್ಕನೆಯದು ಅಕ್ಷರಗಳ ಸಂದಿನಲ್ಲಿರುವ ಎಲೆ, ಸೂರ್ಯ, ಚುಕ್ಕೆಯಂಥ ಗುರುತುಗಳು.

ಅಚ್ಚು ದೊಡ್ಡದು, ತಾಮ್ರದ ತುಂಡು ಸಣ್ಣದು. ಅದಕ್ಕೇ ಒಂದು ಶಿವರಾಯಿಯ ಮೇಲೆ ಪೂರ್ತಿ ಬರಹ ಕೂರುವುದು ಅಪರೂಪ. ಒಂದರಲ್ಲಿ "ರಾಜಾ" ಮಾತ್ರ, ಇನ್ನೊಂದರಲ್ಲಿ "ಛತ್ರ"ದ ಅರ್ಧ. ಒಂದೇ ಬಗೆಯ ಮೂರು ನಾಲ್ಕು ಬಿಲ್ಲೆ ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಕತ್ತರಿಸಿ ಹೋದದ್ದು ಇನ್ನೊಂದರಲ್ಲಿ ಸಿಗುತ್ತದೆ. ತೆಳು ಕಾಗದ ಹೊದಿಸಿ ಪೆನ್ಸಿಲ್ ಬದಿಯಿಂದ ಹಗುರಾಗಿ ತಿಕ್ಕಿ ಪ್ರತಿ ತೆಗೆದುಕೊಂಡರೆ ಜೋಡಿಸುವುದು ಇನ್ನೂ ಸುಲಭ.

• ನಿನ್ನ ಡಬ್ಬಿ ಯಾಕೆ ಇಷ್ಟು ಕಲಸುಮೇಲೋಗರ ಅಂತ ಕೇಳಿದ್ದೀ. ಉತ್ತರ ಇಲ್ಲಿಯ ನೆಲದಲ್ಲೇ ಇದೆ. ಮಿರಜ ಆದಿಲಶಾಹಿಯ ಕೋಟೆ, ಆಮೇಲೆ ಮೊಗಲರದ್ದು, ಆಮೇಲೆ ಪಟವರ್ಧನರದ್ದು. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಈ ಊರಿನ ಹೆಸರು ಮುರ್ತಜಾಬಾದ್. ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು 1801ರ ಸುಮಾರಿಗೆ ಮಿರಜದಿಂದ ಬೇರೆಯಾಗಿ ಸಾಂಗಲಿ ಕಟ್ಟಿದರು. 1820ರಲ್ಲಿ ಮಿರಜವೂ ಹಿರಿಯ, ಕಿರಿಯ ಅಂತ ಎರಡಾಯಿತು. ಈ ಸಂಸ್ಥಾನಗಳ ನೆಲ ಒಂದೇ ಕಡೆ ಇರಲಿಲ್ಲ. ನಿಮ್ಮ ತೇರದಾಳ, ರಬಕವಿ, ಬೆಳಗಾವಿಯ ಶಹಾಪುರ, ಗದಗ ಕಡೆಯ ಶಿರಹಟ್ಟಿ ಸಾಂಗಲಿಗೆ ಸೇರಿದ್ದವು. ಲಕ್ಷ್ಮೇಶ್ವರ ಹಿರಿಯ ಮಿರಜಕ್ಕೆ, ಕುಂದಗೋಳ ಜಮಖಂಡಿಯ ಪಟವರ್ಧನರಿಗೆ. 1948ರಲ್ಲಿ ಎಲ್ಲವೂ ಮುಂಬಯಿ ಪ್ರಾಂತ್ಯದಲ್ಲಿ ಸೇರುವ ತನಕ ಕಂದಾಯ ತುಂಬಲು, ಖಟ್ಲೆ ನಡೆಸಲು, ಸರಕು ಮಾರಲು ಕನ್ನಡದ ಜನ ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಓಡಾಡುತ್ತಲೇ ಇದ್ದರು. ಅದರ ಜೊತೆಗೆ ಸಾಂಗಲಿಯ ಅರಿಸಿನ ಪೇಟೆ, ಮಿರಜದ ರೈಲು ಜಂಕ್ಷನ್, ಮಿರಜದ ಆಸ್ಪತ್ರೆಗಳು, ಖ್ವಾಜಾ ಮೀರಾಸಾಹೇಬರ ದರ್ಗಾದ ಉರುಸು. ಇಷ್ಟು ದಾರಿಗಳಿಂದ ಬಂದ ರೊಕ್ಕ ಒಂದೇ ಬಗೆಯದಾಗಿರಲು ಹೇಗೆ ಸಾಧ್ಯ?

• ತಕ್ಕಡಿ ಕಂಡರೆ ಮುಂಬಯಿ, ಕ್ಯಾಶ್ ಕಂಡರೆ ಮದ್ರಾಸ್. 1835ಕ್ಕೆ ಮೊದಲು ಕಂಪನಿಯ ಮೂರು ಪ್ರಾಂತ್ಯಗಳ ನಾಣ್ಯ ಬೇರೆ ಬೇರೆ. ಮುಂಬಯಿಯ ತಾಮ್ರದ ಮೇಲೆ ಒಂದು ತಕ್ಕಡಿ, ಅದರ ತಟ್ಟೆಗಳ ನಡುವೆ ಫಾರ್ಸಿ ಲಿಪಿಯಲ್ಲಿ "ಅದ್ಲ್", ಅಂದರೆ ನ್ಯಾಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್‌ನ ಸೋಹೋ ಟಂಕಸಾಲೆಯ ಯಂತ್ರಗಳಲ್ಲಿ 1791 ಮತ್ತು 1794ರಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದವುಗಳ ಇನ್ನೊಂದು ಬದಿಗೆ ಕಂಪನಿಯ ಮೂಟೆ ಗುರುತು, ಅಂದರೆ ಹೃದಯಾಕಾರದೊಳಗೆ ಕಂಪನಿಯ ಹೆಸರಿನ ಮೊದಲಕ್ಷರಗಳು. 1804ರದ್ದರಲ್ಲಿ ಮೂಟೆ ಗುರುತಿನ ಬದಲು ಸಿಂಹಗಳಿರುವ ಲಾಂಛನ ಬಂತು. 1830, 1832, 1833ರ ಕಾಲಾಣೆಗಳಲ್ಲೂ ತಕ್ಕಡಿ ಉಂಟು. ಒರಟು ಸುತ್ತಿಗೆಪೆಟ್ಟಿನಲ್ಲಿ ಇಲ್ಲೇ ಅಚ್ಚಾದ ತಕ್ಕಡಿ ಬಿಲ್ಲೆಗಳೂ ಇವೆ. ಅಂಚು ದುಂಡಗಿಲ್ಲ ಅಂತ ಅವನ್ನು ನಕಲಿ ಅಂದುಕೊಂಡು ಎಸೆಯಬೇಡ.

ಮದ್ರಾಸಿನದರಲ್ಲಿ ರೋಮನ್ ಅಂಕಿಯಲ್ಲಿ ಇಪ್ಪತ್ತು ಅಥವಾ ಹತ್ತು, ಪಕ್ಕದಲ್ಲಿ ಕ್ಯಾಶ್ ಎಂಬ ಮಾತು, ಮೇಲೆ ಫಾರ್ಸಿ ಬರಹ. 1803 ಮತ್ತು 1808ರವು ಹೆಚ್ಚು. 1808ರ ಬಿಲ್ಲೆ ಥಳಥಳ ಹೊಸದಾಗಿ ಕಂಡರೆ ಗಾಬರಿ ಬೇಡ. ಆ ವರ್ಷದ ಬಿಲ್ಲೆಗಳನ್ನು ಹೊತ್ತು ಮದ್ರಾಸಿಗೆ ಹೊರಟ ಅಡ್ಮಿರಲ್ ಗಾರ್ಡನರ್ ಎಂಬ ಹಡಗು 1809ರಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಮರಳದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಅದರಿಂದ ಲಕ್ಷಗಟ್ಟಲೆ ಬಿಲ್ಲೆ ಮೇಲೆತ್ತಿದರು. ಹೊಸದಾಗಿ ಕಾಣುವ 1808ರದ್ದು ಹಲವು ಸಲ ಆ ಹಡಗಿನ ಸರಕು. ಅದು ಅಸಲಿಯೇ, ಆದರೆ ನಿನ್ನ ಮುತ್ತಜ್ಜನ ಕೈಗೆ ಬಂದದ್ದಲ್ಲ, ಇತ್ತೀಚೆಗೆ ಯಾರೋ ಕೊಂಡುತಂದದ್ದು.

• 1835ರದ್ದು ಸಿಕ್ಕರೆ ಮಸೂರ ಹಿಡಿ. ದೇಶಕ್ಕೆಲ್ಲ ಒಂದೇ ನಾಣ್ಯ ಅಂತ ಆದದ್ದು ಆ ವರ್ಷ. ಒಂದು ಬದಿಗೆ ಎರಡು ಸಿಂಹ ಎತ್ತಿಹಿಡಿದ ಕಂಪನಿ ಲಾಂಛನ, ಇನ್ನೊಂದು ಬದಿಗೆ ಎಲೆಮಾಲೆಯೊಳಗೆ ಬೆಲೆ. ಕಾಲಾಣೆ ನಮ್ಮ ಕಡೆ ಧಾರಾಳ, ಅಂಗಡಿಗೆ ಬಂದ ಚೀಲಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಅದೇ. ಅದಕ್ಕೇ ಜನ ಅದನ್ನು ಕೀಳಾಗಿ ಕಾಣುತ್ತಾರೆ. ಅದು ತಪ್ಪು. ಒಂದಕ್ಕಿಂತ ಹೆಚ್ಚು ಟಂಕಸಾಲೆಗಳಲ್ಲಿ, ಹತ್ತಾರು ಅಚ್ಚುಗಳಲ್ಲಿ ತಯಾರಾದ ಬಿಲ್ಲೆ ಅದು. ಕಂಪನಿಯ ಹೆಸರಿನ ಅಕ್ಷರ ಸಣ್ಣದೋ ದೊಡ್ಡದೋ ನೋಡು. ಮಾಲೆಯ ಹಣ್ಣುಗಳನ್ನು ಎಣಿಸು. ಎರಡೂ ಕಡೆಯ ಮಾಲೆ ಮೇಲೆ ಸೇರುವಲ್ಲಿ ತುದಿಗೆ ಒಂಟಿ ಎಲೆಯೋ ಜೋಡಿ ಎಲೆಯೋ ನೋಡು. ಈ ಒಂಟಿ-ಜೋಡಿ ಭೇದ 1857, 1858ರ ಕಾಲಾಣೆಗಳಲ್ಲಿ ಮುಖ್ಯ. 1853ರ ಅರ್ಧ ಪೈಸೆಯನ್ನು ಪೈ ಅಂತ ತಿಳಿಯಬೇಡ, ಅರ್ಧ ಪೈಸೆ ಒಂದೂವರೆ ಪೈಗೆ ಸಮ. 1845ರ ಅರ್ಧ ಆಣೆ, 1848ರ ಪೈ ಸಿಕ್ಕರೆ ಬೇರೆ ತೆಗೆದಿಡು.

• ರಾಣಿಯ ಹೆಸರಿನ ಪಕ್ಕದ ಬಿರುದು ಓದು. ಕಂಪನಿ ಆಳ್ವಿಕೆ ಮುಗಿದ ಮೇಲೆ 1862ರಿಂದ ನಾಣ್ಯದ ಮೇಲೆ ಕಿರೀಟದ ವಿಕ್ಟೋರಿಯಾ ಬಂದಳು. 1876ರ ತನಕ ಅವಳು "ಕ್ವೀನ್", 1877ರಿಂದ "ಎಂಪ್ರೆಸ್". ಇಸವಿ ಸವೆದು ಹೋಗಿದ್ದರೂ ಈ ಒಂದು ಮಾತು ಉಳಿದಿದ್ದರೆ ಕಾಲ ಅರ್ಧ ಸಿಕ್ಕಂತೆ. ಇನ್ನೊಂದು ವಿಷಯ: 1862ರ ಇಸವಿಯನ್ನೇ ಹಲವು ವರ್ಷ ಹಾಗೇ ಇಟ್ಟು ಅಚ್ಚು ಹಾಕಿದರು. ಕ್ವೀನ್ ಬರಹದ ಚಲಾವಣೆಯ ಕಾಲಾಣೆ ನೋಡಸಿಗುವುದು 1862, ಆಮೇಲೆ 1874, 1875, 1876. ಯಾರಾದರೂ 1868ರ ಕಾಲಾಣೆ ತಂದು ತೋರಿಸಿದರೆ ಮೊದಲು ಆ ಕೊನೆಯ ಎರಡು ಅಂಕಿಗಳನ್ನು ಮಸೂರದಲ್ಲಿ ನೋಡು. ತಾಮ್ರದ ಅರ್ಧ ಆಣೆ, ಅದೇ ದೊಡ್ಡ ಢಬ್ಬು, ವಿಕ್ಟೋರಿಯಾಳ ಜೊತೆಗೇ ಮುಗಿಯಿತು. ಅವಳ ಮಗ ಎಡ್ವರ್ಡನ ಮುಖದ ತಾಮ್ರದ ಅರ್ಧ ಆಣೆ ಚಲಾವಣೆಗೆ ಬರಲೇ ಇಲ್ಲ.

• ಮುಖ ಯಾವ ಕಡೆಗಿದೆ ನೋಡು. ವಿಕ್ಟೋರಿಯಾ ಎಡಕ್ಕೆ ನೋಡುತ್ತಾಳೆ. ಏಳನೇ ಎಡ್ವರ್ಡ್ ಬಲಕ್ಕೆ, ತಲೆಯ ಮೇಲೆ ಕಿರೀಟವಿಲ್ಲ. ಐದನೇ ಜಾರ್ಜ್, ಆರನೇ ಜಾರ್ಜ್ ಇಬ್ಬರೂ ಎಡಕ್ಕೆ, ಕಿರೀಟ ಧರಿಸಿ. ಐದನೇ ಜಾರ್ಜನಿಗೆ ಗಡ್ಡ ಉಂಟು, ಆರನೆಯವನಿಗೆ ಇಲ್ಲ. ಹೆಸರು ಪೂರ್ತಿ ಅಳಿಸಿದ ಬಿಲ್ಲೆಗೂ ಇಷ್ಟರಿಂದ ಅಪ್ಪನ ಹೆಸರು ಹೇಳಬಹುದು.

• 1906ರ ಕಾಲಾಣೆ ಸಿಕ್ಕರೆ ತೂಗದೆ ಬಿಡಬೇಡ. ಆ ವರ್ಷದ ಕಾಯ್ದೆ ತಾಮ್ರವನ್ನು ಬಿಟ್ಟು ಕಂಚು ತಂದಿತು. ಬಿಲ್ಲೆಯ ಅಗಲ ಹಾಗೇ ಉಳಿಸಿ, ತೂಕವನ್ನು 100 ಗ್ರೇನಿನಿಂದ 75ಕ್ಕೆ ಇಳಿಸಿದರು. ಹಾಗಾಗಿ 1906ರ ಇಸವಿಯಲ್ಲೇ ಎರಡು ಬಗೆ: 6.48 ಗ್ರಾಮಿನ ದಪ್ಪ ತಾಮ್ರ, 4.86 ಗ್ರಾಮಿನ ತೆಳು ಕಂಚು. ಎದುರಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಒಂದೇ ರೂಪ. ಎರಡನ್ನೂ ಒಟ್ಟಿಗೆ ಹಿಡಿದು ಅಂಚು ನೋಡಿದರೆ ದಪ್ಪ ತಿಳಿಯುತ್ತದೆ, ತಕ್ಕಡಿ ಖಚಿತ ಮಾಡುತ್ತದೆ. ಕೆಂಪು ಬಣ್ಣ ನೋಡಿ ತಾಮ್ರ ಅಂತ ನಿರ್ಧರಿಸಬೇಡ. ಆ ಕಂಚಿನಲ್ಲಿ ನೂರಕ್ಕೆ 95 ಪಾಲು ತಾಮ್ರವೇ, ಉಳಿದದ್ದು ತವರ ಮತ್ತು ಸತು. ಆಮೇಲಿನ ಕಾಲಾಣೆ, ಅರ್ಧ ಪೈಸೆ, ಪೈ ಎಲ್ಲವೂ ಕಂಚು. ಜನ ತಾಮ್ರದ ಪೈಸೆ ಅಂತಲೇ ಕರೆಯುತ್ತ ಬಂದರು, ನಾನೂ ಮಾತಿನಲ್ಲಿ ಹಾಗೇ ಅನ್ನುತ್ತೇನೆ. ನಿನ್ನ ವಹಿಯಲ್ಲಿ ಮಾತ್ರ ಕಂಚು ಅಂತ ಬರೆ.

• 1911ರ ಕಾಲಾಣೆಯಲ್ಲಿ ಆನೆ ಹುಡುಕು. ಐದನೇ ಜಾರ್ಜನ ನಿಲುವಂಗಿಯ ಮೇಲೆ, ಎದೆಯ ಹತ್ತಿರ, ಸಣ್ಣ ಆನೆ ಇದೆ. 1911ರ ಅಚ್ಚಿನಲ್ಲಿ ಅದರ ಸೊಂಡಿಲು ಗಿಡ್ಡ, ಕಾಲೂ ಗಿಡ್ಡ. ಹಂದಿಯಂತೆ ಕಾಣುತ್ತದೆ ಅಂತ ಜನ ಸಿಟ್ಟಾದರು, ಹಂದಿ ರೂಪಾಯಿ ಅಂತ ಬೆಳ್ಳಿ ನಾಣ್ಯ ಹೆಸರು ಕೆಡಿಸಿಕೊಂಡಿತು. 1912ರಿಂದ ಸೊಂಡಿಲು ಉದ್ದ ಮಾಡಿ ಕಿವಿ ಸರಿಯಾಗಿ ಕೆತ್ತಿದರು. ಕಾಲಾಣೆಯಲ್ಲೂ ಇದೇ ಕಥೆ. ಕಾಲಾಣೆ ಸಣ್ಣದು, ಜಾರ್ಜನ ಎದೆಯ ಭಾಗವೇ ಮೊದಲು ಸವೆಯುತ್ತದೆ, ಹಾಗಾಗಿ ಆನೆ ಸ್ಪಷ್ಟವಿರುವ 1911ರದ್ದು ಸಿಕ್ಕರೆ ಜೋಪಾನ. ಐದನೇ ಜಾರ್ಜನ ಬಿಲ್ಲೆಗಳಲ್ಲಿ ಇಸವಿಯ ಕೆಳಗೂ ನೋಡು. 1920ರ ದಶಕದಿಂದ ಮುಂಬಯಿ ಟಂಕಸಾಲೆಯದಕ್ಕೆ ಅಲ್ಲೊಂದು ಸಣ್ಣ ಚುಕ್ಕೆ, ಕಲ್ಕತ್ತೆಯದಕ್ಕೆ ಏನೂ ಇಲ್ಲ. ನಮ್ಮ ಸೀಮೆಗೆ ಮುಂಬಯಿ ಹತ್ತಿರ ಇದ್ದರೂ ಚುಕ್ಕೆ ಇಲ್ಲದವೂ ಸಾಕಷ್ಟು ಸಿಗುತ್ತವೆ.

• ತೂತಿನ ಬಿಲ್ಲೆಯನ್ನು ಸಸಾರ ಮಾಡಬೇಡ. ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂದು 1943ರಿಂದ ನಡುವೆ ತೂತು ಇಟ್ಟು, ಸುಮಾರು 2 ಗ್ರಾಮಿನ ಪೈಸೆ ತಂದರು. ಮಕ್ಕಳ ಉಡುದಾರಕ್ಕೆ ಪೋಣಿಸಿದರು, ಯಂತ್ರಕ್ಕೆ ವಾಷರ್ ಮಾಡಿದರು. ಅಷ್ಟು ಹಗುರಾಗಿ ಕಂಡದ್ದರಲ್ಲೇ ಭೇದಗಳ ರಾಶಿ ಇದೆ. ಇಸವಿಯ ಅಂಕಿ ಸಣ್ಣದು, ದೊಡ್ಡದು, ಕಿರೀಟದ ಆಕಾರ ಬೇರೆ ಬೇರೆ. ಇಸವಿಯ ಹತ್ತಿರ ಇಂಗ್ಲಿಷಿನ ಎಲ್ ಅಕ್ಷರ ಕಂಡರೆ ಅದು ಆಗ ಹೊಸದಾಗಿ ಶುರುವಾದ ಲಾಹೋರ್ ಟಂಕಸಾಲೆಯದು. ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲೂ ಒಂದಿಷ್ಟು ಅಚ್ಚು ಹಾಕಿಸಿ ತರಿಸಿದ್ದರು. ಆರನೇ ಜಾರ್ಜನ ಮುಖದ ಬಿಲ್ಲೆಗಳಲ್ಲಿ ಮೊದಲಿನದು ದೊಡ್ಡ ಉಬ್ಬು ತಲೆ, ಆಮೇಲಿನದು ಸಣ್ಣ ಚಪ್ಪಟೆ ತಲೆ. ಎರಡನ್ನೂ ಒಮ್ಮೆ ಪಕ್ಕಪಕ್ಕ ನೋಡಿದರೆ ಮರೆಯುವುದಿಲ್ಲ.

ಫೋಟೋದ ಮೂಲೆಯಲ್ಲಿರುವ, ಉರ್ದು ಬರಹದ ತೂತಿನ ಬಿಲ್ಲೆ ಮಾತ್ರ ಬ್ರಿಟಿಷರದ್ದಲ್ಲ. ಅದು ಹೈದರಾಬಾದ್ ನಿಜಾಮನ ಎರಡು ಪೈ.

• ನೆರೆಯವರನ್ನು ಬೇರೆ ಡಬ್ಬಿಗೆ ಹಾಕು. ಮಿರಜ ದೊಡ್ಡ ಜಂಕ್ಷನ್. ಲೋಂಡಾ ಹಾದಿಯಿಂದ ಗೋವೆಯ ಪೋರ್ಚುಗೀಸ್ ತಾಂಗಾ ಬಿಲ್ಲೆಗಳು ಬಂದಿವೆ, ಮೇಲೆ ರಾಜ ಲೂಯಿಸ್ ಅಥವಾ ಕಾರ್ಲೋಸನ ಮುಖ. ಬಡೋದೆಯ ಸಯಾಜಿರಾವ್ ಮಹಾರಾಜರದ್ದರಲ್ಲಿ ಬಾಗಿದ ಕತ್ತಿ ಮತ್ತು ಕುದುರೆಯ ಗೊರಸು. ಇಂದೂರಿನ ಹೋಳಕರರದ್ದರಲ್ಲಿ ಕೂತ ಬಸವ. ಗ್ವಾಲಿಯರ್ ಶಿಂದೆಯವರದ್ದರಲ್ಲಿ ಹೆಡೆಯೆತ್ತಿದ ನಾಗ. ಆನೆ ಕಂಡರೆ ಮೈಸೂರಿನ ಹೈದರ್-ಟಿಪ್ಪು ಕಾಲ ಅಥವಾ ಮುಮ್ಮಡಿ ಕೃಷ್ಣರಾಜರ ಮೊದಲ ವರ್ಷಗಳು. ಸಿಂಹ, ಜೊತೆಗೆ ಕನ್ನಡದಲ್ಲಿ "ಮಯಿಲಿ ಕಾಸು" ಅಂತ ಕಂಡರೆ ಮುಮ್ಮಡಿಯವರದ್ದೇ, 1843ಕ್ಕೆ ಮೊದಲಿನದು. ಕನ್ನಡ ಅಕ್ಷರವಿರುವ ಬಿಲ್ಲೆ ಈ ಕಡೆಯ ಚೀಲಗಳಲ್ಲಿ ಸಿಗುವುದು ಬಲು ಅಪರೂಪ. ಸಿಕ್ಕ ದಿನ ನನಗೆ ಹಬ್ಬ.

• ಇಸವಿ ಕಾಣದಿದ್ದರೆ ಬೇರೆ ಪಂಚಾಂಗ ಹುಡುಕು. ಬಡೋದೆ, ಇಂದೂರು, ಗ್ವಾಲಿಯರ್ ಬಿಲ್ಲೆಗಳ ಮೇಲೆ ವಿಕ್ರಮ ಸಂವತ್. ಅದರಿಂದ 57 ಕಳೆ: 1942 ಅಂದರೆ 1885. ಶಿವರಾಯಿಯ ಮೇಲೆ ಅಪರೂಪಕ್ಕೆ ಫಸಲಿ ಇರುತ್ತದೆ. ಅದಕ್ಕೆ 590 ಕೂಡಿಸು: 1240 ಅಂದರೆ 1830. ಹಿಜರಿಯ ಲೆಕ್ಕ ಸ್ವಲ್ಪ ಬೇರೆ, ಅದು ಚಾಂದ್ರಮಾನ. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರ ಬರುತ್ತದೆ. 1830ರ ಮುಂಬಯಿ ಕಾಲಾಣೆಯ ತಕ್ಕಡಿ ಬದಿಯಲ್ಲಿ 1246 ಅಂತ ಇದೆ, ಅದನ್ನೇ ಗುಣಿಸಿ ನೋಡಿ ಕೈ ಪಳಗಿಸಿಕೋ. ಫಾರ್ಸಿ ಅಂಕಿ ಕಲಿಯಲು ಒಂದು ಮಧ್ಯಾಹ್ನ ಸಾಕು. ಒಂದು ನೆಟ್ಟಗಿನ ಗೀಟು, ಸೊನ್ನೆ ಬರೀ ಚುಕ್ಕೆ, ಏಳು ಮೇಲಕ್ಕೆ ಬಾಯಿ ತೆರೆದದ್ದು, ಎಂಟು ಕೆಳಕ್ಕೆ. ಬರಹ ಬಲದಿಂದ ಎಡಕ್ಕಾದರೂ ಅಂಕಿ ಎಡದಿಂದ ಬಲಕ್ಕೇ ಓದಬೇಕು. ಅಕ್ಷರ ಬರದಿದ್ದರೆ ಮಿರಜದ ಯಾವ ಹಿರಿಯ ಮುಸಲ್ಮಾನರನ್ನು ಕೇಳಿದರೂ ಪ್ರೀತಿಯಿಂದ ಓದಿ ಹೇಳುತ್ತಾರೆ. ನಾನು ಕಲಿತದ್ದೂ ಹಾಗೇ.

• ರಾಮದರಬಾರದ ಬಿಲ್ಲೆ ನಾಣ್ಯವಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಒಂದು ಬದಿಗೆ ರಾಮ ಸೀತೆ ಲಕ್ಷ್ಮಣ ಹನುಮಂತ, ಅಥವಾ ಓಂಕಾರ, ಕಮಲ. ಇನ್ನೊಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್, ಒಂದು ಆಣೆ, ಇಸವಿ 1818, 1717 ಅಥವಾ 1616. ಇದಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ಮೊಬೈಲಿನಲ್ಲಿ ಸುದ್ದಿ ಹರಿದಾಡುತ್ತದೆ. ನೀನೇ ಯೋಚಿಸಿ ನೋಡು. ಕಂಪನಿ ಚಲಾವಣೆಗೆ ತಂದ ತಾಮ್ರದ ಬಿಲ್ಲೆಗಳಲ್ಲಿ 1835ರ ನಂತರ ಅತಿ ದೊಡ್ಡದು ಅರ್ಧ ಆಣೆ. ಒಂದು ಆಣೆಯ ಬಿಲ್ಲೆ ಬಂದದ್ದು 1907ರಲ್ಲಿ, ಅದೂ ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ, ಅಂಚು ಅಲೆಅಲೆಯಾಗಿ. 1616ರಲ್ಲಿ ಕಂಪನಿ ಸೂರತ್ತಿನಲ್ಲಿ ಮಳಿಗೆ ಇಟ್ಟುಕೊಂಡ ವ್ಯಾಪಾರಿಯಷ್ಟೇ, ಮೊಗಲರ ನೆಲದಲ್ಲಿ ನಾಣ್ಯ ಹೊಡೆಯುವ ಅಧಿಕಾರ ಅದಕ್ಕೆಲ್ಲಿಂದ ಬರಬೇಕು? ಇವು ಪೂಜೆಗೆ, ಜಾತ್ರೆಯಲ್ಲಿ ಮಾರಲು ಮಾಡಿದ ಟೋಕನ್ನುಗಳು. ಜಗಲಿಯ ಮೇಲೆ ಇಟ್ಟು ಪೂಜಿಸು, ಬೇಡ ಅನ್ನುವುದಿಲ್ಲ. ಅದನ್ನು ತೋರಿಸಿ ರೊಕ್ಕ ಕೇಳುವವನಿಂದ ದೂರ ಇರು.

ಅದಕ್ಕಿಂತ ಕೆಟ್ಟದ್ದು ಅಕ್ಕಿ ಸೆಳೆಯುವ ನಾಣ್ಯದ ಮೋಸ. ಹಳೆಯ ತಾಮ್ರದ ಬಿಲ್ಲೆಯಲ್ಲಿ ಇರಿಡಿಯಂ ಇದೆ, ಅದು ಅಕ್ಕಿಕಾಳನ್ನು ಎಳೆಯುತ್ತದೆ, ಕೋಟಿಗೆ ಮಾರುತ್ತದೆ, ಪರೀಕ್ಷೆಗೆ ಮುಂಗಡ ಕೊಡು ಅನ್ನುತ್ತಾರೆ. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಹೊಲ ಮಾರಿ ಇದರಲ್ಲಿ ಮುಳುಗಿದವರಿದ್ದಾರೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ, ಇರಿಡಿಯಂ ಕೂಡ ಎಳೆಯುವುದಿಲ್ಲ. "ಈಗಲೇ ಮುಂಗಡ ಹಾಕು" ಅಂದ ಕ್ಷಣ ಫೋನ್ ಇಟ್ಟು ಪೊಲೀಸರಿಗೆ ತಿಳಿಸು.

• ಎರಕದ ನಕಲಿ ಹಿಡಿಯುವ ಬಗೆ. ಅಸಲಿ ನಾಣ್ಯ ಅಚ್ಚಿನ ಪೆಟ್ಟಿನಿಂದ ಆದದ್ದು, ಅಕ್ಷರದ ಬದಿ ಕಡಿದಾಗಿ ನಿಂತಿರುತ್ತದೆ. ಎರಕ ಹೊಯ್ದದ್ದರಲ್ಲಿ ಅಕ್ಷರ ಮೆತ್ತಗೆ, ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿ, ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ. ಒಂದೇ ರೀತಿಯ ಕಚ್ಚು, ಒಂದೇ ಜಾಗದಲ್ಲಿ, ಎರಡು ಬಿಲ್ಲೆಗಳ ಮೇಲೆ ಕಂಡರೆ ಎರಡೂ ಒಂದೇ ಎರಕದ್ದು.

• ಹೊಳೆಯ ನೀರು ಕುಡಿದ ಬಿಲ್ಲೆಗಳಿಗೆ ಬೇರೆ ಆರೈಕೆ. 2005ರಲ್ಲಿ, 2019ರ ಆಗಸ್ಟಿನಲ್ಲಿ, 2021ರಲ್ಲಿ ಕೃಷ್ಣೆ ಸಾಂಗಲಿಯ ಮನೆಗಳೊಳಗೆ ನುಗ್ಗಿದಾಗ ಎಷ್ಟೋ ಜನರ ಕಪಾಟಿನ ಡಬ್ಬಿಗಳು ಕೆಸರಿನಲ್ಲಿ ದಿನಗಟ್ಟಲೆ ಇದ್ದವು. ಅಂಥ ಬಿಲ್ಲೆಯ ಮೇಲೆ ಗಟ್ಟಿ ಕಡುಹಸಿರು ಪದರ ಇದ್ದರೆ ಭಯವಿಲ್ಲ. ತಿಳಿಹಸಿರು ಪುಡಿ, ಉಗುರಿಗೆ ಉದುರುವಂಥದ್ದು ಕಂಡರೆ ಅದು ಉಪ್ಪಿನಂಶ ಲೋಹವನ್ನು ಒಳಗಿನಿಂದ ತಿನ್ನುತ್ತಿರುವ ಲಕ್ಷಣ. ಆ ಬಿಲ್ಲೆಯನ್ನು ಕೂಡಲೇ ಬೇರೆ ಇಡು, ಡಿಸ್ಟಿಲ್ಡ್ ನೀರಿನಲ್ಲಿ ವಾರಗಟ್ಟಲೆ ನೀರು ಬದಲಿಸುತ್ತ ನೆನೆಸು, ಪೂರ್ತಿ ಒಣಗಿಸಿ ಸಿಲಿಕಾ ಜೆಲ್ ಪುಡಿಕೆಯ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡು. ಮಳೆಗಾಲ ಕಳೆದ ಮೇಲೆ ತೆಗೆದು ನೋಡು. ಪಿವಿಸಿ ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಮ್ ಬೇಡ, ಅದರ ಅಂಟು ತಾಮ್ರವನ್ನು ಹಸಿರು ಮಾಡುತ್ತದೆ. ದಪ್ಪ ಕಾಗದದ ಲಕೋಟೆ ಸಾಕು.

• ಬೆಲೆ ತಿಳಿಯಲೇಬೇಕಿದ್ದರೆ ಕ್ರಮವಾಗಿ ಹೋಗು. ಕಂಪನಿ ಮತ್ತು ಬ್ರಿಟಿಷ್ ಕಾಲದ್ದಕ್ಕೆ ಪ್ರಿಡ್‌ಮೋರ್ ಬರೆದ ಸೂಚಿ, ಸಾಮಾನ್ಯ ಹುಡುಕಾಟಕ್ಕೆ ಕ್ರೌಸ್ ಸೂಚಿ, ಕನ್ನಡ ನಾಡಿನದಕ್ಕೆ ಎ. ವಿ. ನರಸಿಂಹಮೂರ್ತಿಯವರ ಪುಸ್ತಕಗಳು. ಮುಂಬಯಿಗೆ ಹೋದಾಗ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ನೋಡು. ನಾಸಿಕ್ ಹತ್ತಿರ ಅಂಜನೇರಿಯಲ್ಲಿ ನಾಣ್ಯಶಾಸ್ತ್ರದ ಸಂಶೋಧನಾ ಸಂಸ್ಥೆಯೇ ಇದೆ, ಓದುವ ಹುಡುಗರು ಒಮ್ಮೆ ಹೋಗಬೇಕಾದ ಜಾಗ. ಸವೆದ 1835ರ ಕಾಲಾಣೆಗೆ, ವಿಕ್ಟೋರಿಯಾಳ ಸಾಮಾನ್ಯ ಪೈಸೆಗೆ ದೊಡ್ಡ ರೊಕ್ಕ ಬರುವುದಿಲ್ಲ ಅನ್ನುವುದನ್ನು ಈಗಲೇ ತಿಳಿದುಕೋ. ಬಂದರೆ ಚೊಕ್ಕ ಉಳಿದದ್ದಕ್ಕೆ, ಅಪರೂಪದ ಅಚ್ಚಿನದಕ್ಕೆ.

• ಎಲ್ಲಿಂದ ಬಂತು ಅಂತ ಅದೇ ದಿನ ಬರೆ. ಒಂದೊಂದು ಲಕೋಟೆಯ ಮೇಲೆ ತೂಕ, ಅಗಲ, ಎರಡೂ ಬದಿಯ ಬರಹ, ಅದರ ಕೆಳಗೆ ಯಾರ ಮನೆ, ಯಾವ ಊರು. ಶಿರಹಟ್ಟಿಯ ಮನೆಯಲ್ಲಿ ಸಿಕ್ಕ ಶಿವರಾಯಿಗೂ ಸಾಂಗಲಿ ಬಳಿಯ ಹರಿಪುರದ ಸಂಗಮದಲ್ಲಿ ಸಿಕ್ಕದ್ದಕ್ಕೂ ಬರಹ ಒಂದೇ ಇರಬಹುದು. ಊರಿನ ಹೆಸರು ಜೊತೆಗಿದ್ದರೆ ಮರಾಠಾ ರೊಕ್ಕ ತುಂಗಭದ್ರೆಯ ಕಡೆಗೆ ಎಲ್ಲಿಯ ತನಕ ಓಡಿತು ಅನ್ನುವುದಕ್ಕೆ ಅದೊಂದು ಸಾಕ್ಷಿ, ಹೆಸರು ಕಳೆದರೆ ಬರೀ ತಾಮ್ರ. ಎಲ್ಲ ಬಿಲ್ಲೆಗಳನ್ನು ಒಂದೇ ಡಬ್ಬಿಗೆ ಸುರಿದು ಬೆರೆಸಿದವರಿಂದ ನನಗಾದಷ್ಟು ಸಂಕಟ ಕಳ್ಳರಿಂದಲೂ ಆಗಿಲ್ಲ. ಅಜ್ಜಿ ಗಟ್ಟಿಯಾಗಿ ಇದ್ದಾರೆ. ಯಾವುದು ಅವರ ತವರಿನದು, ಯಾವುದು ಜಾತ್ರೆಯಲ್ಲಿ ಸಿಕ್ಕದ್ದು ಅಂತ ಈ ವಾರವೇ ಕೂತು ಕೇಳಿ ಬರೆದುಕೋ.

• ಕಾನೂನು ತಿಳಿದಿರು. ಮನೆಯಲ್ಲಿ ತಲೆಮಾರಿನಿಂದ ಬಂದದ್ದು ಮನೆಯದೇ. ಹೊಲ ಉಳುವಾಗ, ಪಾಯ ಅಗೆಯುವಾಗ ಗಡಿಗೆ ತುಂಬ ಸಿಕ್ಕರೆ ಅದು ಬೇರೆ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಹೂತ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಪರದೇಶಕ್ಕೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಇದೆ. ಹೊರದೇಶದ ಗೆಳೆಯ ಅಂಚೆಯಲ್ಲಿ ಕಳಿಸು ಅಂದರೆ ಒಪ್ಪಬೇಡ.

• ಬರುವ ಅಮಾವಾಸ್ಯೆಗೆ ಮಿರಜಕ್ಕೆ ಬರುವಾಗ ಇಡೀ ಡಬ್ಬಿ ಹೊತ್ತು ತರಬೇಡ, ರೈಲಿನ ಕುಲುಕಾಟಕ್ಕೆ ಒಂದಕ್ಕೊಂದು ಉಜ್ಜಿ ಗೀರು ಬೀಳುತ್ತವೆ. ಒಂದೊಂದನ್ನೇ ಕಾಗದದಲ್ಲಿ ಸುತ್ತಿ ಮೊದಲು ಶಿವರಾಯಿಗಳನ್ನು, ಆಮೇಲೆ 1906ರ ಕಾಲಾಣೆ ಇದ್ದರೆ ಅದನ್ನು ತಾ. ತಕ್ಕಡಿ ನನ್ನಲ್ಲಿದೆ, ಅದರ ಸೆಲ್ ಮುಗಿದಿದೆ. ಸ್ಟೇಶನ್ನಿನಿಂದ ಬರುವ ದಾರಿಯಲ್ಲಿ ಎರಡು ಸೆಲ್ ಕೊಂಡು ತಾ.